ಹೊಸ ಶಿಕ್ಷಕರ ಮೊದಲ ವರ್ಷ: ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿ ಶಾಲೆಗಳಿಗೆ ಒಂದು ಮಾರ್ಗದರ್ಶಿ

ನೇಮಕಾತಿ ಆದೇಶ ಕೈಗೆ ಬಂದೊಡನೆ ಹೊಸ ಶಿಕ್ಷಕರು ಕೇಳುವ ಮೊದಲ ಪ್ರಶ್ನೆ, ಆ ಊರಿಗೆ ಬಸ್ ಎಷ್ಟು ಹೊತ್ತಿಗಿದೆ ಎಂಬುದು. ಕೇಳಲೇಬೇಕಾದ ಪ್ರಶ್ನೆ ಅದು. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ, ಸಿರುಗುಪ್ಪ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಬೆಳಗಿನ ಬಸ್ ತಪ್ಪಿದರೆ ಪ್ರಾರ್ಥನೆಯ ಹೊತ್ತಿಗೆ ಶಾಲೆ ಮುಟ್ಟುವುದು ಕಷ್ಟ. ಎರಡನೆಯ ಪ್ರಶ್ನೆಯನ್ನು ಮಾತ್ರ ಬಹಳ ಜನ ಕೇಳುವುದಿಲ್ಲ: ನನ್ನ ತರಗತಿಯ ಮಕ್ಕಳು ಇವತ್ತಿಗೆ ಏನನ್ನು ಓದಬಲ್ಲರು? ಐದನೆಯ ತರಗತಿ ಕೊಟ್ಟರೆ ಐದನೆಯ ತರಗತಿಯ ಪುಸ್ತಕ ತೆರೆದು ಮೊದಲ ಪಾಠ ಆರಂಭಿಸುತ್ತಾರೆ. ಆಗಸ್ಟ್ ಬರುವಷ್ಟರಲ್ಲಿ ಮುಂದಿನ ಸಾಲಿನ ನಾಲ್ಕೈದು ಮಕ್ಕಳು ಉತ್ತರ ಹೇಳುತ್ತಿರುತ್ತಾರೆ, ಉಳಿದವರು ಅವರ ಉತ್ತರವನ್ನು ಒಕ್ಕೊರಲಿನಿಂದ ಪುನರುಚ್ಚರಿಸುತ್ತಿರುತ್ತಾರೆ. ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದು ಹೊಸಬರಿಗೆ ಅನ್ನಿಸುವುದು ಸಹಜ.

ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದವರಿಗಾಗಿ, ಅತಿಥಿ ಶಿಕ್ಷಕರನ್ನೂ ಸೇರಿಸಿಕೊಂಡು, ಈ ಲೇಖನ ಬರೆದಿದ್ದೇನೆ. ಮೊದಲ ವರ್ಷ ನೀವು ಮಾಡುವ ಪ್ರತಿಯೊಂದು ಯೋಜನೆಯೂ ಎದುರಿಗೆ ಕುಳಿತ ಮಗು ಎಲ್ಲಿದೆ ಎಂಬ ತಿಳಿವಳಿಕೆಯಿಂದ ಹೊರಡಬೇಕು ಎಂಬುದು ನನ್ನ ಮಾತಿನ ಸಾರ. ಆ ತಿಳಿವಳಿಕೆ ಇದ್ದರೆ ಶಿಸ್ತು, ಪಾಠ ಯೋಜನೆ, ಪೋಷಕರ ಒಡನಾಟ ಎಲ್ಲವೂ ಒಂದು ಹಾದಿಗೆ ಬರುತ್ತವೆ.

ಸೇರುವ ದಿನ

ಕಾಗದಪತ್ರದ ಕೆಲಸವನ್ನು ಮೊದಲ ವಾರದಲ್ಲೇ ಮುಗಿಸಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಹಾಗೂ ಶಾಲೆಯಲ್ಲಿ ಕರ್ತವ್ಯಕ್ಕೆ ಹಾಜರಾದ ವರದಿಯ ಪ್ರತಿಗೆ ದಿನಾಂಕ, ಸಹಿ, ಮೊಹರು ಹಾಕಿಸಿಕೊಳ್ಳಿ. ಸೇವಾ ವಹಿ ತೆರೆದಿದ್ದಾರೆಯೇ, ಅದರಲ್ಲಿ ಹೆಸರು, ಜನ್ಮದಿನಾಂಕ, ವಿದ್ಯಾರ್ಹತೆ, ನಾಮನಿರ್ದೇಶನದ ವಿವರ ಸರಿಯಾಗಿವೆಯೇ ಎಂದು ಕಣ್ಣಾರೆ ನೋಡಿ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯಡಿ ಬಂದವರು ಆ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಈ ಕಡತ ಮನೆಯಲ್ಲಿರಲಿ, ಪ್ರತಿಗಳು ಮೊಬೈಲ್‌ನಲ್ಲೂ ಇರಲಿ. ಇಷ್ಟು ಸಾಕು, ಇನ್ನು ಮಕ್ಕಳ ಕಡೆಗೆ ಬರೋಣ.

ಮಗುವಿಗೊಂದು ಪುಟ

ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ಒಂದನ್ನು ಕೊಳ್ಳಿ. ತರಗತಿಯ ಪ್ರತಿ ಮಗುವಿಗೂ ಒಂದು ಪುಟ ಬಿಡಿ. ಮೇಲ್ಭಾಗದಲ್ಲಿ ಮಗುವಿನ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಮನೆಮಾತು, ಊಟ ಹಾಕುವವರು ಯಾರು, ಅಕ್ಕ ತಮ್ಮಂದಿರು ಇದೇ ಶಾಲೆಯಲ್ಲಿದ್ದಾರೆಯೇ ಎಂದು ಬರೆಯಿರಿ. ಊಟ ಹಾಕುವವರು ಯಾರು ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಮುಖ್ಯ. ದಾಖಲಾತಿಯಲ್ಲಿ ತಂದೆಯ ಹೆಸರಿರುತ್ತದೆ, ತಂದೆ ತಾಯಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುತ್ತಾರೆ, ಮಗು ಅಜ್ಜಿಯ ಹತ್ತಿರ ಇರುತ್ತದೆ. ಹೋಂವರ್ಕ್‌ಗೆ ಸಹಿ ಹಾಕಿಸಿಕೊಂಡು ಬಾ ಎಂದು ಆ ಮಗುವಿಗೆ ಹೇಳಿ ಪ್ರಯೋಜನವಿಲ್ಲ.

ಪುಟದ ಕೆಳಭಾಗ ಕಲಿಕೆಗೆ. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಸೇತುಬಂಧ ನಡೆಯುತ್ತದೆ, ಮಗುವಿಗೆ ಏನು ಬರುತ್ತದೆ ಎಂದು ನೋಡುವ ನೈದಾನಿಕ ಪರೀಕ್ಷೆ ಮಾಡಿ ಅಂಕ ತುಂಬುತ್ತೇವೆ. ಅದನ್ನು ಶ್ರದ್ಧೆಯಿಂದ ಮಾಡಿ. ಆದರೆ ಹತ್ತಕ್ಕೆ ನಾಲ್ಕು ಎಂಬ ಅಂಕ ಮಗು ಎಲ್ಲಿ ಎಡವುತ್ತಿದೆ ಎಂದು ಹೇಳುವುದಿಲ್ಲ. ಅದಕ್ಕೆ ನಾಲ್ಕು ಚೀಟಿಗಳನ್ನು ಸಿದ್ಧಮಾಡಿಕೊಳ್ಳಿ. ಮೊದಲನೆಯದರಲ್ಲಿ ಬಿಡಿ ಅಕ್ಷರಗಳು. ಎರಡನೆಯದರಲ್ಲಿ ಗುಣಿತಾಕ್ಷರದ ಸರಳ ಪದಗಳು: ಹೊಲ, ಕುರಿ, ಮೇಕೆ, ಜೋಳ. ಮೂರನೆಯದರಲ್ಲಿ ಒತ್ತಕ್ಷರದ ಪದಗಳು: ಹತ್ತಿ, ಪುಸ್ತಕ, ಸೂರ್ಯ, ಕೃಷ್ಣಾ. ನಾಲ್ಕನೆಯದರಲ್ಲಿ ನಾಲ್ಕು ಸಾಲಿನ ಸಣ್ಣ ಕಥೆ. ಉಳಿದ ಮಕ್ಕಳಿಗೆ ಚಿತ್ರ ಬಿಡಿಸಲು ಕೊಟ್ಟು, ಒಬ್ಬೊಬ್ಬರನ್ನೇ ವರಾಂಡಕ್ಕೋ ಬೇವಿನ ಮರದ ನೆರಳಿಗೋ ಕರೆಯಿರಿ. ಬೇರೆ ಮಕ್ಕಳ ಕಿವಿಗೆ ಬೀಳಬಾರದು. ಮಗು ಸಲೀಸಾಗಿ ಓದಿದ ಕೊನೆಯ ಚೀಟಿ ಯಾವುದು, ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ ಸಾಕು. ದಿನಕ್ಕೆ ಐದಾರು ಮಕ್ಕಳಂತೆ ನೋಡಿದರೆ ಒಂದು ವಾರದಲ್ಲಿ ಸಾಮಾನ್ಯ ಗಾತ್ರದ ತರಗತಿ ಮುಗಿಯುತ್ತದೆ.

ಹೀಗೆ ಕೇಳಿಸಿಕೊಂಡಾಗ ತಪ್ಪುಗಳಿಗೂ ಒಂದು ಕಾರಣ ಇರುವುದು ಗೊತ್ತಾಗುತ್ತದೆ. ‘ಸೂರ್ಯ’ ಎಂಬುದನ್ನು ಮಗು ‘ಸೂಯರ’ ಎಂದು ಓದಿದರೆ ಅದು ದಡ್ಡತನವಲ್ಲ. ಅರ್ಕಾವೊತ್ತನ್ನು ಅಕ್ಷರದ ನಂತರ ಬರೆಯುತ್ತೇವೆ, ಉಚ್ಚರಿಸುವಾಗ ಮೊದಲು ಹೇಳುತ್ತೇವೆ. ಕಣ್ಣಿಗೆ ಕಂಡ ಕ್ರಮದಲ್ಲಿ ಮಗು ಓದಿದೆ, ಅಷ್ಟೆ. ಸೂರ್ಯ, ಕಾರ್ಯ, ಪರ್ವತ, ಅರ್ಧ ಎಂಬ ಪದಗಳನ್ನು ಹಲಗೆಯ ಮೇಲೆ ಬರೆದು, ಅರ್ಕಾವೊತ್ತಿನಿಂದ ಹಿಂದಕ್ಕೆ ಒಂದು ಬಾಣ ಎಳೆದು ತೋರಿಸಿ, ನಾಲ್ಕು ದಿನ ಬಿಡದೆ ಓದಿಸಿ. ‘ಪುಸ್ತಕ’ವನ್ನು ‘ಪುಸಕ’ ಎನ್ನುವ ಮಗುವಿನ ತೊಡಕು ಬೇರೆ, ಅದು ಕೆಳಗಿನ ಒತ್ತನ್ನು ನೋಡುತ್ತಲೇ ಇಲ್ಲ. ಇಬ್ಬರಿಗೂ ‘ಹತ್ತು ಸಲ ಬರೆ’ ಎಂಬ ಒಂದೇ ಔಷಧ ಕೊಡುವುದರಿಂದಲೇ ಎಷ್ಟೋ ಮಕ್ಕಳು ಏಳನೆಯ ತರಗತಿಗೆ ಹೋದರೂ ಪತ್ರಿಕೆಯ ತಲೆಬರಹ ಓದಲು ತಡವರಿಸುತ್ತಾರೆ.

ಗಣಿತದಲ್ಲೂ ಹೀಗೆಯೇ. 52ರಲ್ಲಿ 27 ಕಳೆದರೆ 35 ಎಂದು ಬರೆದ ಮಗುವಿನ ಪಕ್ಕ ಕುಳಿತು ‘ಹೇಗೆ ಮಾಡಿದೆ ಪುಟ್ಟಾ, ಹೇಳು’ ಎಂದು ಕೇಳಿ. ‘ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ’ ಎನ್ನುತ್ತದೆ. ಅದಕ್ಕೆ ಕಳೆಯುವುದು ಬರುತ್ತದೆ, ಸ್ಥಾನಬೆಲೆ ಗೊತ್ತಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, ‘ನನಗೆ ಇಪ್ಪತ್ತೇಳು ಕೊಡು’ ಎನ್ನಿ. ಎರಡು ಕಟ್ಟು ಕೊಡುತ್ತದೆ, ಏಳು ಬಿಡಿ ಕಡ್ಡಿ ಕೇಳಿದಾಗ ತಡೆಯುತ್ತದೆ, ಸ್ವಲ್ಪ ಹೊತ್ತು ನೋಡುತ್ತದೆ, ಆಮೇಲೆ ತಾನೇ ಒಂದು ಕಟ್ಟಿನ ದಾರ ಬಿಚ್ಚುತ್ತದೆ. ಆ ದಾರ ಬಿಚ್ಚುವ ತನಕ ನೀವು ಕಾಯಬೇಕು, ಬಾಯಿ ಬಿಡಬಾರದು. ‘ಪಕ್ಕದ ಮನೆಯಿಂದ ಸಾಲ ತರಬೇಕು’ ಎಂಬ ಮಾತನ್ನು ಅದಾದ ಮೇಲೆ ಹೇಳಿದರೆ ಅರ್ಥವಾಗುತ್ತದೆ. ನಿಮ್ಮ ಶಾಲೆಯ ಬೀರುವಿನಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇರಬಹುದು. ಮುಖ್ಯ ಶಿಕ್ಷಕರನ್ನು ಕೇಳಿ ಹೊರತೆಗೆಯಿರಿ. ಸಾಮಗ್ರಿ ಮಕ್ಕಳ ಕೈಯಲ್ಲಿ ಸವೆದರೆ ಯಾರೂ ನಿಮ್ಮನ್ನು ದೂರುವುದಿಲ್ಲ, ಬೀರುವಿನಲ್ಲಿ ಧೂಳು ತಿಂದರೆ ಅದು ನಷ್ಟ.

ಮನೆಮಾತನ್ನು ಗೌರವಿಸಿ

ಒಂದು ತರಗತಿಯಲ್ಲಿ ಮೂರು ನಾಲ್ಕು ಮನೆಮಾತುಗಳು ಇರುವುದು ನಮ್ಮಲ್ಲಿ ಹೊಸದಲ್ಲ. ತಾಂಡಾದ ಮಕ್ಕಳು ಲಂಬಾಣಿ ಆಡುತ್ತಾರೆ, ಸಿಂಧನೂರು ಗಂಗಾವತಿಯ ಕ್ಯಾಂಪ್‌ಗಳಲ್ಲೂ (ಹೊರಗಿನಿಂದ ಬಂದವರು ನೆಲೆಸಿದ ಊರುಗಳು) ಬಳ್ಳಾರಿಯ ಗಡಿ ಊರುಗಳಲ್ಲೂ ತೆಲುಗು ಕೇಳಿಸುತ್ತದೆ, ಉರ್ದು ಎಲ್ಲ ಕಡೆಯೂ ಇದೆ. ಸಿಂಧನೂರಿನ ಕೆಲವು ಕ್ಯಾಂಪ್‌ಗಳಲ್ಲಿ ಮನೆಮಾತು ಬಂಗಾಳಿ. ಮೊದಲ ತಿಂಗಳು ಇಂಥ ಮಗು ಮೌನವಾಗಿ ಕುಳಿತರೆ ಅದನ್ನು ಹಿಂದುಳಿದ ಮಗು ಎಂದು ಬರೆದುಕೊಳ್ಳಬೇಡಿ. ಅದೇ ಮನೆಮಾತಿನ, ಸ್ವಲ್ಪ ದೊಡ್ಡ ಮಗುವನ್ನು ಪಕ್ಕದಲ್ಲಿ ಕೂರಿಸಿ. ಕಥೆ ಹೇಳುವಾಗ ಒಂದೆರಡು ಪದಗಳನ್ನು ಅವರ ಮಾತಿನಲ್ಲಿ ಹೇಳಿ, ತಪ್ಪಾಗಿ ಹೇಳಿದರೂ ಮಕ್ಕಳು ಸಂತೋಷದಿಂದ ತಿದ್ದುತ್ತಾರೆ. ತಿದ್ದುವ ಸಲುವಾಗಿಯಾದರೂ ಬಾಯಿ ಬಿಡುತ್ತಾರೆ.

ಕನ್ನಡವೇ ಮನೆಮಾತಾದ ಮಕ್ಕಳ ಕನ್ನಡವೂ ಪುಸ್ತಕದ ಕನ್ನಡವಲ್ಲ. ಮೈಸೂರು, ತುಮಕೂರು ಕಡೆಯಿಂದ ಬಂದ ಶಿಕ್ಷಕರು ಇಲ್ಲಿನ ಮಾತನ್ನು ತರಗತಿಯಲ್ಲೇ ತಿದ್ದಲು ಹೊರಡುವುದುಂಟು. ಮಾಡಬೇಡಿ. ಮಾತಾಡುವಾಗ ಊರಿನ ಕನ್ನಡ, ಬರೆಯುವಾಗ ಪುಸ್ತಕದ ಕನ್ನಡ ಎಂಬುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಮಾತಿಗೇ ಅಡ್ಡ ಬಂದರೆ ಮಗು ಮಾತನ್ನೇ ನಿಲ್ಲಿಸುತ್ತದೆ. ಮಗು ತನ್ನ ಮಾತಿನಲ್ಲಿ ಹೇಳಿದ ವಾಕ್ಯವನ್ನು ಹಲಗೆಯ ಮೇಲೆ ಹಾಗೆಯೇ ಬರೆದು, ಅದರ ಕೆಳಗೆ ಪುಸ್ತಕದ ರೂಪ ಬರೆದು, ಎರಡನ್ನೂ ಓದಿಸಿದರೆ ಸಾಕು.

ಒಂದೇ ಕೋಣೆಯಲ್ಲಿ ಎರಡು ತರಗತಿ

ಕಿರಿಯ ಪ್ರಾಥಮಿಕ ಶಾಲೆ ಸಿಕ್ಕಿದರೆ ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳಬೇಕಾಗುತ್ತದೆ. ಡಿ.ಇಡಿ., ಬಿ.ಇಡಿ. ಅಭ್ಯಾಸ ಪಾಠಗಳು ಈ ಸನ್ನಿವೇಶಕ್ಕೆ ನಮ್ಮನ್ನು ಸಿದ್ಧಮಾಡಿರುವುದಿಲ್ಲ. ಒಂದರಿಂದ ಮೂರನೆಯ ತರಗತಿಯ ನಲಿ-ಕಲಿ ಕೋಣೆಯಲ್ಲಿ ಎರಡು ದಿನ ಕುಳಿತು ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ರೂಪಿಸಿಕೊಂಡ ಕ್ರಮ ಅದು. ನಮ್ಮಂಥ ಶಿಕ್ಷಕರೇ ಕಟ್ಟಿದ್ದು ಎಂಬುದನ್ನು ನೆನಪಿಟ್ಟುಕೊಳ್ಳಿ. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಕಡೆ, ಭಾಗಶಃ ಸಹಾಯ ಸಾಕಾದವರು ಇನ್ನೊಂದು ಕಡೆ, ಸಹಪಾಠಿಗಳ ಪೂರ್ಣ ಅಥವಾ ಭಾಗಶಃ ಸಹಾಯದಿಂದ ಕಲಿಯುವವರು ಮತ್ತೆರಡು ಕಡೆ, ಸ್ವತಃ ಕಲಿಯುವವರು ಐದನೆಯ ತಟ್ಟೆಯಲ್ಲಿ. ಶಿಕ್ಷಕರು ಮೊದಲ ತಟ್ಟೆಯಲ್ಲಿ ಹೆಚ್ಚು ಹೊತ್ತು ಕೂರುತ್ತಾರೆ.

ಇದೇ ತತ್ತ್ವವನ್ನು ನಾಲ್ಕು, ಐದನೆಯ ತರಗತಿಗೂ ತನ್ನಿ. ನಲವತ್ತು ನಿಮಿಷದ ಗಣಿತದ ಅವಧಿ ಎಂದುಕೊಳ್ಳಿ. ಮೊದಲ ಎಂಟು ನಿಮಿಷ ಎರಡೂ ತರಗತಿಗೆ ಸೇರಿ ಬಾಯಿಲೆಕ್ಕ. ಮುಂದಿನ ಹದಿನೈದು ನಿಮಿಷ ಕಡ್ಡಿ ಕಟ್ಟಿನ ಹಂತದಲ್ಲಿರುವ ಮಕ್ಕಳೊಂದಿಗೆ ನೀವು ನೆಲದ ಮೇಲೆ ಕುಳಿತುಕೊಳ್ಳಿ, ಉಳಿದವರು ಜೋಡಿಗಳಲ್ಲಿ ಹಲಗೆಯ ಲೆಕ್ಕ ಮಾಡಲಿ. ನಂತರದ ಹನ್ನೆರಡು ನಿಮಿಷ ಅದಲುಬದಲು. ಕೊನೆಯ ಐದು ನಿಮಿಷ ಪ್ರತಿ ಮಗುವೂ ತಾನೇ ಒಂದು ಲೆಕ್ಕ ಕಟ್ಟಿ ಪಕ್ಕದವರಿಗೆ ಕೊಡಲಿ. ಇದು ನಡೆಯಬೇಕಾದರೆ ಹಲಗೆಯ ಕೆಲಸ ಪ್ರಾರ್ಥನೆಗೆ ಮೊದಲೇ ಬರೆದಿರಬೇಕು. ಬೆಳಗಿನ ಹದಿನೈದು ನಿಮಿಷ ಹಲಗೆಯ ಮುಂದೆ ಕಳೆದ ಶಿಕ್ಷಕರಿಗೆ ದಿನವಿಡೀ ಉಸಿರಾಡಲು ಸಮಯ ಸಿಗುತ್ತದೆ.

ಪಾಠ ಟಿಪ್ಪಣಿಯನ್ನು ಇನ್ಸ್‌ಪೆಕ್ಷನ್‌ಗಾಗಿ ಬರೆಯುವುದೇ ರೂಢಿಯಾಗಿಬಿಟ್ಟಿದೆ. ನಿಮ್ಮ ಟಿಪ್ಪಣಿಯಲ್ಲಿ ಮೂರು ವಿಷಯ ಇರಲೇಬೇಕು: ಈ ಅವಧಿ ಮುಗಿದಾಗ ಮಗು ಏನನ್ನು ಮಾಡಿ ತೋರಿಸಬೇಕು, ಯಾವ ಮಕ್ಕಳು ಎಡವಬಹುದು, ಅವರಿಗೆ ಏನು ಕೊಡುತ್ತೀರಿ. ಎರಡನೆಯದರಲ್ಲಿ ಹೆಸರುಗಳೇ ಬರಬೇಕು.

ಬೆತ್ತವಿಲ್ಲದ ಶಿಸ್ತು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಹೊಡೆಯಿರಿ ಸರ್, ನಾವೇನೂ ಅನ್ನುವುದಿಲ್ಲ’ ಎಂದು ಪೋಷಕರೇ ಬಂದು ಹೇಳುತ್ತಾರೆ. ಅವರ ಅನುಮತಿಯಿಂದ ಕಾನೂನು ಬದಲಾಗುವುದಿಲ್ಲ, ಮಗುವಿನ ಭಯವೂ ಬದಲಾಗುವುದಿಲ್ಲ. ಜಾತಿ, ತಾಂಡಾ, ಬಣ್ಣ, ತಂದೆಯ ಕೆಲಸ ಇವುಗಳ ಹೆಸರಿನಲ್ಲಿ ಮಗುವನ್ನು ಕರೆಯುವುದು ಬೆತ್ತಕ್ಕಿಂತ ಆಳದ ಗಾಯ. ಯಾರು ಎಲ್ಲಿ ಕೂರುತ್ತಾರೆ, ಕಸ ಗುಡಿಸುವ ಪಾಳಿ ಯಾರಿಗೆ ಬರುತ್ತದೆ, ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದನ್ನು ಗಮನಿಸಿ. ಪಾಳಿಯನ್ನು ಹಾಜರಿ ಕ್ರಮದಲ್ಲಿ ಗೋಡೆಗೆ ಬರೆದು ಅಂಟಿಸಿ, ಮಕ್ಕಳ ಹೆಸರಿನ ಜೊತೆಗೆ ನಿಮ್ಮ ಹೆಸರನ್ನೂ ಸೇರಿಸಿ.

ಗದ್ದಲ ಸಾಮಾನ್ಯವಾಗಿ ಕೆಲಸವಿಲ್ಲದ ಮಕ್ಕಳಿಂದ ಬರುತ್ತದೆ. ಬೇಗ ಮುಗಿಸಿದವರಿಗೆ ಮುಂದೇನು ಎಂಬುದು ಗೊತ್ತಿರಬೇಕು: ವಾಚನಾಲಯದ ಪೆಟ್ಟಿಗೆಯಿಂದ ಒಂದು ಪುಸ್ತಕ, ಇಲ್ಲವೇ ಗೋಡೆಯ ಕಪ್ಪುಹಲಗೆಯಲ್ಲಿ ಬರವಣಿಗೆ. ಎಲ್ಲರನ್ನೂ ಸುಮ್ಮನಾಗಿಸಲು ಕೂಗುವ ಬದಲು ಒಂದು ಚಪ್ಪಾಳೆಯ ಲಯ ಕಲಿಸಿ. ನೀವು ತಟ್ಟಿದರೆ ಅವರೂ ತಟ್ಟಿ ಕೈ ಕಟ್ಟುತ್ತಾರೆ. ಗಂಟಲೂ ಉಳಿಯುತ್ತದೆ. ಹೊಸ ಶಿಕ್ಷಕರ ಗಂಟಲು ಜುಲೈ ಹೊತ್ತಿಗೆ ಕಟ್ಟಿರುವುದನ್ನು ಎಷ್ಟೋ ಕಂಡಿದ್ದೇನೆ.

ಹತ್ತಿ ಬಿಡಿಸುವ ಕಾಲ, ಗುಳೆಯ ಕಾಲ

ಈ ಮೂರು ಜಿಲ್ಲೆಗಳ ಶಿಕ್ಷಕರಿಗೆ ಎರಡು ಕ್ಯಾಲೆಂಡರ್ ಬೇಕು. ಒಂದು ಇಲಾಖೆಯದು. ಇನ್ನೊಂದನ್ನು ನೀವೇ ಬರೆಯಬೇಕು. ನೀರಾವರಿ ಊರಿನಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತ ನಾಟಿ, ಆಗ ಕೆಲವು ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ದಸರಾ ರಜೆಯ ನಂತರ ಹತ್ತಿ ಬಿಡಿಸುವ ಕೆಲಸ. ಬಳ್ಳಾರಿ ಕಡೆ ಹೊಸ ವರ್ಷದ ಆಸುಪಾಸಿನಲ್ಲಿ ಮೆಣಸಿನಕಾಯಿ. ಮಳೆಯಾಶ್ರಿತ ಊರುಗಳಲ್ಲಿ ದೀಪಾವಳಿಯ ನಂತರ ಗುಳೆ: ಇಡೀ ಕುಟುಂಬ ಬೆಂಗಳೂರು, ಪುಣೆ, ಮುಂಬೈ ಕಡೆ ಹೋಗಿ ಯುಗಾದಿಯ ಹೊತ್ತಿಗೆ ಹಿಂದಿರುಗುತ್ತದೆ. ಜೊತೆಗೆ ಮೊಹರಂ, ಊರ ಜಾತ್ರೆ, ಎಳ್ಳು ಅಮಾವಾಸ್ಯೆಯ ಚರಗ. ಮುದಗಲ್ ಸುತ್ತಲಿನ ಊರುಗಳಲ್ಲಿ ಮೊಹರಂ ಎಲ್ಲ ಮನೆಗಳ ಹಬ್ಬ. ಆ ವಾರ ಹೊಸ ಪಾಠ ಆರಂಭಿಸಿದರೆ ಅದನ್ನು ಮತ್ತೆ ಮಾಡಬೇಕಾಗುತ್ತದೆ.

ಊರಿನ ಹಿರಿಯರನ್ನು, ಅಡುಗೆಯ ಅಕ್ಕನವರನ್ನು ಕೇಳಿ ಈ ಕ್ಯಾಲೆಂಡರ್ ತುಂಬಿ. ನಂತರ ಹೀಗೆ ಮಾಡಿ.

ಓದು, ಬರಹ, ನಾಲ್ಕು ಮೂಲಕ್ರಿಯೆಗಳ ಭಾರವಾದ ಕೆಲಸವನ್ನು ಜೂನ್‌ನಿಂದ ಅಕ್ಟೋಬರ್ ಒಳಗೆ ಇಟ್ಟುಕೊಳ್ಳಿ, ಆಗ ಹಾಜರಾತಿ ಹೆಚ್ಚು. ದಸರಾ ರಜೆಗೆ ಮೊದಲೇ ಯಾವ ಮನೆ ಗುಳೆ ಹೋಗಬಹುದು ಎಂದು ಮಗುವಿನ ಪುಟದಲ್ಲಿ ಗುರುತು ಹಾಕಿ, ಆ ಮನೆಗಳಿಗೆ ಸಂಜೆ ಹೋಗಿ. ಹಗಲು ಯಾರೂ ಸಿಗುವುದಿಲ್ಲ. ಕಟ್ಟೆಯ ಮೇಲೆ ಕುಳಿತು ‘ಅವ್ವಾ, ಯಾವ ಊರಿಗೆ ಹೊರಟಿದ್ದೀರಿ, ಎಂದು ಬರುತ್ತೀರಿ’ ಎಂದು ಕೇಳಿ. ಉಪದೇಶ ಬೇಡ. ಸಾಲ ತೀರಿಸಲು ಹೊರಟವರಿಗೆ ಶಿಕ್ಷಣದ ಮಹತ್ವ ಗೊತ್ತಿಲ್ಲ ಎಂದುಕೊಳ್ಳುವುದು ನಮ್ಮ ಅಹಂಕಾರ. ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ, ಹತ್ತಿರದ ವಸತಿ ನಿಲಯದಲ್ಲಿ ಸ್ಥಳ ಇದೆಯೇ, ಗುಳೆ ಹೋದವರ ಮಕ್ಕಳಿಗಾಗಿ ಈ ವರ್ಷ ಋತುಮಾನ ವಸತಿ ವ್ಯವಸ್ಥೆ ಇದೆಯೇ ಎಂದು ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿಯವರಿಂದ ಮೊದಲೇ ವಿಚಾರಿಸಿಕೊಂಡು ಹೋಗಿ. ಕೈಯಲ್ಲಿ ಒಂದು ದಾರಿ ಇಟ್ಟುಕೊಂಡು ಹೋದವರ ಮಾತಿಗೆ ಬೆಲೆ ಇರುತ್ತದೆ.

ಮಗು ಹೋಗಲೇಬೇಕಾದರೆ ಬರಿಗೈಯಲ್ಲಿ ಕಳಿಸಬೇಡಿ. ಪಠ್ಯಪುಸ್ತಕ, ಒಂದು ನೋಟ್‌ಬುಕ್, ಎರಡು ಕಥೆಪುಸ್ತಕ ಚೀಲದಲ್ಲಿರಲಿ. ಹೋದ ಊರಿನಲ್ಲಿ ಶಾಲೆಗೆ ಸೇರಲು ವರ್ಗಾವಣೆ ಪತ್ರ ತಡವಾದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದು ಅದೇ 2009ರ ಕಾಯ್ದೆಯಲ್ಲಿದೆ. ಇದನ್ನು ಪೋಷಕರಿಗೆ ತಿಳಿಸಿ, ಮಗು ಓದುತ್ತಿದ್ದ ತರಗತಿಯ ವಿವರವನ್ನು ಮುಖ್ಯ ಶಿಕ್ಷಕರ ಸಹಿಯೊಂದಿಗೆ ಬರೆದುಕೊಡಿ. ವಾರಕ್ಕೊಮ್ಮೆ ಮೊಬೈಲ್‌ಗೆ ಕರೆ ಮಾಡಿ ಮಗುವಿನ ಜೊತೆ ಎರಡು ನಿಮಿಷ ಮಾತಾಡಿ. ಗುಳೆಯಿಂದ ಹಿಂದಿರುಗಿದ ಮಗು ಶಾಲೆಗೆ ಬರಲು ಅಂಜುವುದೇ ಹೆಚ್ಚು, ತನ್ನ ಹೆಸರು ಹೊಡೆದುಹಾಕಿದ್ದಾರೆ ಎಂದುಕೊಂಡಿರುತ್ತದೆ. ಆ ಎರಡು ನಿಮಿಷದ ಕರೆ ಆ ಅಂಜಿಕೆಯನ್ನು ತೆಗೆಯುತ್ತದೆ. ಬಂದ ದಿನ ಎಲ್ಲರೆದುರು ‘ಇಷ್ಟು ದಿನ ಎಲ್ಲಿದ್ದೆ’ ಎಂದು ಕೇಳಬೇಡಿ. ಅದೇ ನಾಲ್ಕು ಚೀಟಿ ತೆಗೆದು, ಎಲ್ಲಿದೆ ಎಂದು ನೋಡಿ, ಅಲ್ಲಿಂದ ಆರಂಭಿಸಿ.

ಊರೇ ಪಾಠ

ಪರಿಸರ, ಇತಿಹಾಸ, ಗಣಿತಕ್ಕೆ ಇಲ್ಲಿ ಸಾಮಗ್ರಿಯ ಕೊರತೆಯೇ ಇಲ್ಲ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ದೊರೆತದ್ದು ಮಸ್ಕಿಯಲ್ಲಿ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಮನೆಗಳ ಸಾಲೇ ಇದೆ. ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಕುಟುಂಬಗಳಿವೆ. ಮೌರ್ಯರ ಪಾಠವನ್ನು ಪಾಟಲಿಪುತ್ರದಿಂದ ಆರಂಭಿಸುವ ಬದಲು ಮಸ್ಕಿಯಿಂದ ಆರಂಭಿಸಿ ನೋಡಿ.

ಲೆಕ್ಕಕ್ಕೆ ಮಾರುಕಟ್ಟೆ ಇದೆ. ಭತ್ತದ ಚೀಲ 75 ಕೆ.ಜಿ.; ಹಾಗಾದರೆ ನಾಲ್ಕು ಚೀಲಕ್ಕೆ ಎಷ್ಟು ಕ್ವಿಂಟಾಲ್? ಸಿಂಧನೂರಿನ ಮಗು ಇದಕ್ಕೆ ಪೆನ್ಸಿಲ್ ಹಿಡಿಯುವ ಮೊದಲೇ ಮೂರು ಎನ್ನುತ್ತದೆ. ಅದು ಹೇಗೆ ಬಂತೆಂದು ಬರೆಯಿಸುವುದು ನಿಮ್ಮ ಕೆಲಸ. ವಿಜ್ಞಾನಕ್ಕೆ ತುಂಗಭದ್ರಾ ಅಣೆಕಟ್ಟು. 2024ರ ಆಗಸ್ಟ್‌ನಲ್ಲಿ ಅದರ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋದಾಗ, ಉಳಿದ ಗೇಟ್‌ಗಳನ್ನೂ ತೆರೆದು ಏಕೆ ನೀರು ಬಿಟ್ಟರು? ದ್ರವದ ಒತ್ತಡದ ಪಾಠಕ್ಕೆ ಇದಕ್ಕಿಂತ ಹತ್ತಿರದ ಪ್ರಶ್ನೆ ಸಿಗದು. ಆ ಮಕ್ಕಳ ಮನೆಯಲ್ಲಿ ಅಂದು ರಾತ್ರಿ ಅದೇ ಮಾತು ನಡೆದಿರುತ್ತದೆ.

ಪೋಷಕರು, ಎಸ್‌ಡಿಎಂಸಿ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಸಹಿಗೆ ಮಾತ್ರ ಕರೆಯುವ ಶಾಲೆಗೆ ಅವರಿಂದ ನೆರವು ಸಿಗುವುದಿಲ್ಲ. ತಿಂಗಳಿಗೊಮ್ಮೆ ಹತ್ತು ನಿಮಿಷ ತರಗತಿಯಲ್ಲಿ ಕೂರಿಸಿ, ಮಕ್ಕಳಿಂದ ಓದಿಸಿ. ಓದು ಬಾರದ ತಾಯಿಗೂ ಮಗಳು ಗಟ್ಟಿಯಾಗಿ ಓದುವುದು ಕೇಳಿಸುತ್ತದೆ. ದೂರು ಹೇಳಲೆಂದೇ ಪೋಷಕರನ್ನು ಕರೆಸಬೇಡಿ, ಮೊದಲ ಭೇಟಿ ಮಗುವಿನ ಒಂದು ಒಳ್ಳೆಯ ಕೆಲಸ ತೋರಿಸುವುದಕ್ಕಾಗಿರಲಿ. ಊರಿನ ಎರಡು ಗುಂಪುಗಳ ರಾಜಕೀಯದಲ್ಲಿ ಯಾರ ಕಟ್ಟೆಯ ಮೇಲೂ ಕೂರಬೇಡಿ. ಚಹಾ ಕುಡಿದರೆ ಎಲ್ಲರ ಮನೆಯಲ್ಲೂ ಕುಡಿಯಿರಿ, ಕೇರಿಯ ಮನೆಯಲ್ಲಿ ಮೊದಲು ಕುಡಿಯಿರಿ.

ಒಂದು ವಿಷಯದಲ್ಲಿ ಮಾತ್ರ ಊರಿನ ಮುಲಾಜಿಗೆ ಒಳಗಾಗುವಂತಿಲ್ಲ. ಏಳು, ಎಂಟನೆಯ ತರಗತಿಯ ಹುಡುಗಿ ಏಕಾಏಕಿ ಶಾಲೆ ಬಿಟ್ಟರೆ ಮದುವೆಯ ಮಾತು ನಡೆದಿದೆಯೇ ಎಂದು ವಿಚಾರಿಸಿ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನುಬಾಹಿರ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ವರದಿ ಮಾಡುವುದು ನಿಮ್ಮ ಕಾನೂನುಬದ್ಧ ಹೊಣೆ. ‘ಊರಲ್ಲೇ ಪಂಚಾಯಿತಿ ಮಾಡಿ ಮುಗಿಸೋಣ’ ಎಂಬ ಮಾತಿಗೆ ಒಪ್ಪಬೇಡಿ.

ನಿಮ್ಮ ಕಲಿಕೆ

2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಹಾಗೆ ಬಂದ ಯುವ ಶಿಕ್ಷಕರು ಈಗ ನಿಮ್ಮ ಸುತ್ತಲಿನ ಊರುಗಳಲ್ಲೂ ಇರಬಹುದು. ಅವರೊಂದಿಗೆ ಬಾಂಧವ್ಯ ಬೆಳೆಸಿಕೊಳ್ಳಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯನ್ನು ಸುತ್ತೋಲೆ ಓದುವ ಸಭೆ ಎಂದು ಕೈಬಿಡಬೇಡಿ. ಪ್ರತಿ ಸಭೆಗೂ ನಿಮ್ಮ ತರಗತಿಯ ಒಂದು ನಿಜವಾದ ತೊಡಕನ್ನು, ಒಂದು ಮಗುವಿನ ನೋಟ್‌ಬುಕ್ ಸಮೇತ, ತೆಗೆದುಕೊಂಡು ಹೋಗಿ. ‘ಈ ಮಗು ಹೀಗೇಕೆ ಬರೆಯುತ್ತಿದೆ’ ಎಂದು ಕೇಳಿದರೆ ಇಪ್ಪತ್ತು ವರ್ಷ ಕಲಿಸಿದ ಹಿರಿಯ ಅಕ್ಕ ಒಬ್ಬರು ಖಂಡಿತ ಮುಂದೆ ಬಾಗಿ ನೋಡುತ್ತಾರೆ. ಅಂಥವರನ್ನು ಗುರುತಿಸಿಕೊಳ್ಳಿ, ಅವರ ಅವಧಿಯಲ್ಲಿ ಒಮ್ಮೆ ಹಿಂದೆ ಕುಳಿತು ನೋಡಲು ಅನುಮತಿ ಕೇಳಿ. ಮಕ್ಕಳು ತಪ್ಪು ಉತ್ತರ ಹೇಳಿದಾಗ ಅವರು ಏನು ಮಾಡುತ್ತಾರೆ ಎಂಬುದೊಂದನ್ನೇ ಬರೆದುಕೊಳ್ಳಿ.

ದಿನದ ಕೊನೆಗೆ ಮೂರು ಸಾಲಿನ ದಿನಚರಿ: ಇವತ್ತು ಯಾರು ಹೊಸದಾಗಿ ಏನು ಕಲಿತರು, ಯಾರೊಂದಿಗೆ ನಾನು ಮಾತೇ ಆಡಲಿಲ್ಲ, ನಾಳೆ ಏನು ಬದಲಿಸಬೇಕು. ಎರಡನೆಯ ಸಾಲು ನಾಳೆಯ ಕೆಲಸವನ್ನು ತಾನೇ ಹೇಳುತ್ತದೆ.

ರಾಯಚೂರು ಜಿಲ್ಲೆಯವರಿಗೆ ಯರಮರಸ್‌ನಲ್ಲಿ, ಕೊಪ್ಪಳದವರಿಗೆ ಮುನಿರಾಬಾದ್‌ನಲ್ಲಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ. ತರಬೇತಿಗೆ ಕರೆದಾಗ ಮಾತ್ರ ಹೋಗುವ ಸ್ಥಳ ಅದಾಗಬಾರದು. ಅಲ್ಲಿನ ಉಪನ್ಯಾಸಕರ ಸಹಾಯದಿಂದ ಒಂದು ಸಣ್ಣ ಕ್ರಿಯಾ ಸಂಶೋಧನೆ ಮಾಡಿ. ದೊಡ್ಡ ವಿಷಯ ಬೇಡ. ಒತ್ತಕ್ಷರ ತಪ್ಪುವ ಎಂಟು ಮಕ್ಕಳು, ದಿನಕ್ಕೆ ಹತ್ತು ನಿಮಿಷ, ಆರು ವಾರ; ಮೊದಲ ದಿನವೂ ಕೊನೆಯ ದಿನವೂ ಅದೇ ಇಪ್ಪತ್ತು ಪದಗಳ ಉಕ್ತಲೇಖನ. ಫಲ ಬಂದರೂ ಬಾರದಿದ್ದರೂ ಬರೆದಿಡಿ. ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಕೋರ್ಸ್‌ಗಳನ್ನು ಪ್ರಮಾಣಪತ್ರಕ್ಕಾಗಿ ವೇಗವಾಗಿ ಓಡಿಸಬೇಡಿ, ನಿಮ್ಮ ತರಗತಿಯ ತೊಡಕಿಗೆ ಹತ್ತಿರವಾದ ಒಂದನ್ನು ಆರಿಸಿ ಪೂರ್ತಿ ನೋಡಿ. ಎಂ.ಎ. ಅಥವಾ ಬೇರೆ ಪದವಿ ಓದುವ ಆಸೆ ಇದ್ದರೆ ಸೇರುವ ಮೊದಲೇ ಇಲಾಖೆಯ ಅನುಮತಿ ಪಡೆಯಿರಿ, ಇಲ್ಲದಿದ್ದರೆ ಮುಂದೆ ಸೇವಾ ವಹಿಯಲ್ಲಿ ದಾಖಲಿಸುವಾಗ ತೊಂದರೆ.

ಬಿಸಿಲಿನ ಬಗ್ಗೆ ಒಂದು ಮಾತು. ಮಾರ್ಚ್ ಕೊನೆಗೆ ಇಲ್ಲಿ ತಾಪ 40 ಡಿಗ್ರಿ ಮುಟ್ಟುತ್ತದೆ. ಓದು, ಗಣಿತವನ್ನು ಬೆಳಗಿನ ಮೊದಲೆರಡು ಅವಧಿಗೆ ತನ್ನಿ, ಪ್ರತಿ ಅವಧಿಯ ಕೊನೆಗೆ ಎಲ್ಲರೂ ನೀರು ಕುಡಿಯಲಿ, ನೀವೂ ಕುಡಿಯಿರಿ. ಬರಿಗಾಲಲ್ಲಿ ಬರುವ ಮಕ್ಕಳನ್ನು ಪ್ರಾರ್ಥನೆಗೆ ನೆರಳಿನಲ್ಲೇ ನಿಲ್ಲಿಸಿ.

ಏಪ್ರಿಲ್‌ನಲ್ಲಿ

ವರ್ಷದ ಕೊನೆಯ ಪರೀಕ್ಷೆಯಾದ ಎರಡನೆಯ ಸಂಕಲನಾತ್ಮಕ ಮೌಲ್ಯಮಾಪನ ಮುಗಿದ ಮೇಲೆ ಶಾಲೆ ಮುಚ್ಚಲು ಕೆಲವೇ ದಿನ ಉಳಿದಿರುತ್ತದೆ. ಆಗ ನಾಲ್ಕು ಚೀಟಿಗಳನ್ನು ಮತ್ತೊಮ್ಮೆ ಓದಿಸಿ, ಜೂನ್‌ನ ಗುರುತಿನ ಪಕ್ಕದಲ್ಲೇ ಏಪ್ರಿಲ್‌ನ ಗುರುತು ಹಾಕಿ. ಯಾವ ಮಗು ಕದಲಿಲ್ಲವೋ ಅದರ ಪುಟಕ್ಕೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ವರ್ಷವೂ ಇದೇ ಮಕ್ಕಳನ್ನು ಮುಂದಿನ ತರಗತಿಗೆ ನಿಮಗೇ ಕೊಡುವಂತೆ ಮುಖ್ಯ ಶಿಕ್ಷಕರನ್ನು ಕೇಳಿ, ಸಿಬ್ಬಂದಿ ಹಂಚಿಕೆ ಆಗುವ ಮೊದಲೇ ಕೇಳಿ. ಕೊಟ್ಟರೆ ಆ ಕೆಂಪು ಗೆರೆಯ ಮಕ್ಕಳಿಂದಲೇ ಜೂನ್ ಆರಂಭಿಸಿ. ಕೊಡದಿದ್ದರೆ ನೋಟ್‌ಬುಕ್‌ನಲ್ಲಿರುವ ಮನೆಯ ಗುಟ್ಟುಗಳನ್ನು ಬಿಟ್ಟು, ಓದು ಬರಹ ಲೆಕ್ಕದ ವಿವರವನ್ನಷ್ಟೇ ಬೇರೆ ಹಾಳೆಗೆ ಇಳಿಸಿ, ಆ ತರಗತಿಗೆ ಬರುವ ಶಿಕ್ಷಕರ ಕೈಗೆ ಕೊಟ್ಟು, ಅವರ ಜೊತೆ ಅರ್ಧ ಗಂಟೆ ಕುಳಿತು ಒಂದೊಂದೇ ಹೆಸರು ಹೇಳಿ ಪರಿಚಯಿಸಿ.